ಲಿಂಫೋಮಾಗೆ ಬೋನ್ ಮ್ಯಾರೋ ಕಸಿ: ಯಾರ ಕೋಶ, ಯಾಕೆ, ಯಾವಾಗ?

ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲೋ ಆಫೀಸಿನ ಗ್ರೂಪಿನಲ್ಲೋ ಇಂಥ ಸಂದೇಶ ನೀವೂ ನೋಡಿರುತ್ತೀರಿ: "ಲಿಂಫೋಮಾ ರೋಗಿಗೆ ತುರ್ತಾಗಿ ಬೋನ್ ಮ್ಯಾರೋ ಬೇಕಾಗಿದೆ. ಬಿ ಪಾಸಿಟಿವ್ ದಾನಿಗಳು ಸಂಪರ್ಕಿಸಿ." ಒಳ್ಳೆಯ ಮನಸ್ಸಿನಿಂದಲೇ ಎಲ್ಲರೂ ಫಾರ್ವರ್ಡ್ ಮಾಡುತ್ತಾರೆ. ಆದರೆ ಆ ಎರಡು ಸಾಲಿನಲ್ಲಿ ಎರಡು ಗೊಂದಲಗಳಿವೆ. ಲಿಂಫೋಮಾ ಎಂಬ ರಕ್ತದ ಕ್ಯಾನ್ಸರಿಗೆ ಮಾಡುವ ಕಸಿಗಳಲ್ಲಿ ಹೆಚ್ಚಿನವಕ್ಕೆ ದಾನಿಯೇ ಬೇಕಿಲ್ಲ, ರೋಗಿಯ ಸ್ವಂತ ಕೋಶಗಳೇ ಸಾಕು. ದಾನಿ ಬೇಕಾದಾಗಲೂ ರಕ್ತದ ಗುಂಪು ಒಂದೇ ಇರಬೇಕಿಲ್ಲ.

ಇದರ ಜೊತೆಗೆ ಈಗ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ. 2025ರ ಜನವರಿಯಲ್ಲಿ ಬೆಂಗಳೂರಿನದೇ ಒಂದು ಕಂಪನಿ ಲಿಂಫೋಮಾಗೆ ಕಾರ್-ಟಿ ಎಂಬ ಚಿಕಿತ್ಸೆಯನ್ನು ಬಿಡುಗಡೆ ಮಾಡಿತು. ಹಾಗಾದರೆ ಇನ್ನು ಕಸಿ ಬೇಡವಾ? ಇದಕ್ಕೆ ಉತ್ತರ ತಿಳಿಯಬೇಕಾದರೆ ಕಸಿಯಲ್ಲಿ ನಿಜವಾಗಿ ಔಷಧದ ಕೆಲಸ ಮಾಡುವುದು ಯಾವುದು ಅಂತ ಮೊದಲು ನೋಡಬೇಕು.

ಲಿಂಫೋಮಾ ಎಲ್ಲಿ ಶುರುವಾಗುತ್ತದೆ

ನಮ್ಮ ರಕ್ತದ ಬಿಳಿ ಕಣಗಳಲ್ಲಿ ಒಂದು ಬಗೆ ಲಿಂಫೋಸೈಟ್. ಮೈಗೆ ಹೊಕ್ಕ ಸೋಂಕನ್ನು ಗುರುತು ಹಿಡಿಯುವುದು, ಅದೇ ಸೋಂಕು ಮತ್ತೆ ಬಂದರೆ ನೆನಪಿಟ್ಟುಕೊಂಡು ಬೇಗ ಎದುರಿಸುವುದು ಇವುಗಳ ಕೆಲಸ. ಇವುಗಳಲ್ಲಿ ಮುಖ್ಯವಾಗಿ ಬಿ ಕೋಶ, ಟಿ ಕೋಶ ಅಂತ ಎರಡು ವಿಧ. ರಕ್ತದಲ್ಲಿ ಓಡಾಡುವುದರ ಜೊತೆಗೆ ಕತ್ತು, ಕಂಕುಳು, ತೊಡೆಸಂದು, ಎದೆ, ಹೊಟ್ಟೆಯೊಳಗಿನ ಸಣ್ಣ ಗ್ರಂಥಿಗಳಲ್ಲಿ ಇವು ಗುಂಪಾಗಿ ಇರುತ್ತವೆ. ಗಂಟಲು ನೋವು ಬಂದಾಗ ದವಡೆಯ ಕೆಳಗೆ ಕೈಗೆ ಸಿಗುವ ಗಂಟು ಇದೇ ಗ್ರಂಥಿ.

ಈ ಲಿಂಫೋಸೈಟ್‌ಗಳಲ್ಲಿ ಯಾವುದೋ ಒಂದು ಹಿಡಿತ ತಪ್ಪಿ ತನ್ನಂಥದ್ದನ್ನೇ ಲೆಕ್ಕವಿಲ್ಲದೆ ಹುಟ್ಟಿಸತೊಡಗಿದರೆ ಅದು ಲಿಂಫೋಮಾ. ಲಂಡನ್ನಿನ ವೈದ್ಯ ಥಾಮಸ್ ಹಾಡ್ಜ್‌ಕಿನ್ 1832ರಲ್ಲಿ ಇಂಥ ಕೆಲವು ರೋಗಿಗಳ ಬಗ್ಗೆ ಬರೆದಿದ್ದರು. ಅದರಿಂದಲೇ ಒಂದು ವರ್ಗಕ್ಕೆ ಹಾಡ್ಜ್‌ಕಿನ್ ಲಿಂಫೋಮಾ ಎಂಬ ಹೆಸರು. ಉಳಿದದ್ದೆಲ್ಲ ನಾನ್-ಹಾಡ್ಜ್‌ಕಿನ್. ಈ ಎರಡನೇ ವರ್ಗದಲ್ಲಿ ಹತ್ತಾರು ಬಗೆಗಳಿವೆ. ಕೆಲವು ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತವೆ, ಕೆಲವು ವಾರಗಳಲ್ಲೇ ದೊಡ್ಡದಾಗುತ್ತವೆ. ಆದ್ದರಿಂದ "ಲಿಂಫೋಮಾ ಇದೆ" ಅಂದಷ್ಟೇ ಹೇಳಿದರೆ ಏನೂ ಹೇಳಿದಂತಾಗುವುದಿಲ್ಲ. ಯಾವ ಬಗೆಯದು ಅನ್ನುವುದರ ಮೇಲೆ ಎಲ್ಲವೂ ನಿಂತಿದೆ.

ನಮ್ಮ ಕಡೆ ಇನ್ನೊಂದು ತೊಡಕಿದೆ. ನೋವಿಲ್ಲದ ಗಂಟು, ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರು, ತೂಕ ಇಳಿಯುವುದು: ಇವೆಲ್ಲ ಟಿಬಿಯಲ್ಲೂ ಬರುತ್ತವೆ. ಟಿಬಿ ನಮ್ಮಲ್ಲಿ ಜಾಸ್ತಿ. ಹಾಗಾಗಿ ಕೆಲವರಿಗೆ ಮೊದಲು ಟಿಬಿ ಮಾತ್ರೆ ಶುರುವಾಗಿ, ಗಂಟು ಕರಗದೇ ಹೋದಾಗ ಲಿಂಫೋಮಾ ಪತ್ತೆಯಾಗುತ್ತದೆ. ಸೂಜಿ ಚುಚ್ಚಿ ತೆಗೆದ ನಾಲ್ಕು ಕೋಶಗಳಿಂದ ಬಗೆ ಗೊತ್ತಾಗುವುದು ಕಷ್ಟ. ಸಾಧ್ಯವಾದರೆ ಇಡೀ ಗಂಟನ್ನೇ ತೆಗೆದು ಪರೀಕ್ಷೆಗೆ ಕಳಿಸುವುದು ಇದೇ ಕಾರಣಕ್ಕೆ.

ಮೂಳೆಯ ಒಳಗೆ

ರಕ್ತದ ಎಲ್ಲ ಕಣಗಳೂ ಹುಟ್ಟುವುದು ಮೂಳೆಯೊಳಗಿನ ಮೆತ್ತಗಿನ ಮಜ್ಜೆಯಲ್ಲಿ, ಅಂದರೆ ಬೋನ್ ಮ್ಯಾರೋದಲ್ಲಿ. ದೊಡ್ಡವರಲ್ಲಿ ಸೊಂಟದ ಮೂಳೆ, ಬೆನ್ನುಮೂಳೆ, ಎದೆಮೂಳೆ, ಪಕ್ಕೆಲುಬುಗಳಲ್ಲಿ ಇದು ಹೆಚ್ಚು. ಕಣಗಳ ಆಯಸ್ಸು ಕಡಿಮೆ: ಕೆಂಪು ಕಣ ಸುಮಾರು 120 ದಿನ, ಪ್ಲೇಟ್‌ಲೆಟ್ ಒಂದು ವಾರದಿಂದ ಹತ್ತು ದಿನ. ಹಾಗಾಗಿ ಮಜ್ಜೆಗೆ ಒಂದು ದಿನವೂ ರಜೆಯಿಲ್ಲ. ಇಷ್ಟನ್ನೂ ಹುಟ್ಟಿಸುವ ಮೂಲ ಕೋಶಗಳೇ ರಕ್ತದ ಸ್ಟೆಮ್ ಸೆಲ್‌ಗಳು. ಇವು ತಮ್ಮಂಥ ಇನ್ನೊಂದು ಸ್ಟೆಮ್ ಸೆಲ್ ಅನ್ನೂ ಹುಟ್ಟಿಸಬಲ್ಲವು, ಬೇಕಾದ ರಕ್ತಕಣವೂ ಆಗಬಲ್ಲವು.

ಇಂಥದ್ದೊಂದು ಕೋಶ ಇದೆ ಎಂದು ಪ್ರಯೋಗದಲ್ಲಿ ತೋರಿಸಿದವರು ಟೊರಾಂಟೊದ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕಲಕ್. ವಿಕಿರಣದಿಂದ ಮಜ್ಜೆ ಸತ್ತ ಇಲಿಗಳಿಗೆ ಅವರು ಬೇರೆ ಇಲಿಯ ಮಜ್ಜೆ ಚುಚ್ಚಿದರು. ಆ ಇಲಿಗಳ ಗುಲ್ಮದ (ಸ್ಪ್ಲೀನ್) ಮೇಲೆ ಸಣ್ಣ ಸಣ್ಣ ಗಂಟುಗಳು ಎದ್ದವು. ಒಂದೊಂದು ಗಂಟೂ ಒಂದೇ ಕೋಶದಿಂದ ಹುಟ್ಟಿತ್ತು. ಇದು 1961ರ ಮಾತು.

ಕಸಿಗೆ ಬೇಕಾಗಿರುವುದು ಈ ಕೋಶಗಳೇ. ಮೊದಲೆಲ್ಲ ಸೊಂಟದ ಮೂಳೆಗೆ ಸೂಜಿ ಹಾಕಿ ಮಜ್ಜೆಯನ್ನೇ ಎಳೆಯುತ್ತಿದ್ದರು. ಈಗ ಹೆಚ್ಚಾಗಿ ರಕ್ತದಿಂದ ಸೋಸಿ ತೆಗೆಯುತ್ತಾರೆ. ಆದರೂ ಬೋನ್ ಮ್ಯಾರೋ ಕಸಿ ಎಂಬ ಹಳೆಯ ಹೆಸರೇ ಬಾಯಲ್ಲಿ ಉಳಿದಿದೆ.

ಕೀಮೋ ಜಾಸ್ತಿ ಕೊಟ್ಟರೆ ಏನಾಗುತ್ತದೆ

ಕೀಮೋ ಚಿಕಿತ್ಸೆಯ ಕಥೆ ಶುರುವಾದದ್ದೇ ಲಿಂಫೋಮಾದಿಂದ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ವಿಷಾನಿಲಗಳ ಬಗ್ಗೆ ಗುಟ್ಟಾಗಿ ಸಂಶೋಧನೆ ನಡೆಯುತ್ತಿತ್ತು. ನೈಟ್ರೋಜನ್ ಮಸ್ಟರ್ಡ್ ಎಂಬ ರಾಸಾಯನಿಕ ಬಿಳಿ ರಕ್ತಕಣಗಳನ್ನು ಕೊಲ್ಲುತ್ತದೆ ಎಂದು ಗೊತ್ತಾಯಿತು. 1942ರಲ್ಲಿ ಅದನ್ನು ಒಬ್ಬ ಲಿಂಫೋಮಾ ರೋಗಿಗೆ ಕೊಟ್ಟು ನೋಡಿದರು. ಗಂಟುಗಳು ಕರಗಿದವು, ಆದರೆ ಸ್ವಲ್ಪ ಕಾಲ ಮಾತ್ರ. ಯುದ್ಧದ ಗುಟ್ಟಾದ್ದರಿಂದ ಇದು ಪ್ರಕಟವಾದದ್ದು 1946ರಲ್ಲಿ. ಇವತ್ತು ಕಸಿಗೆ ಮುಂಚೆ ಕೊಡುವ ಮೆಲ್ಫಲಾನ್ ಅದೇ ರಾಸಾಯನಿಕದ ವಂಶದ್ದು.

ಲಿಂಫೋಮಾ ಕೋಶಗಳು ಕೀಮೋಗೆ ಬಗ್ಗುತ್ತವೆ. ಸಾಮಾನ್ಯ ಡೋಸ್‌ಗೆ ಬಗ್ಗದೆ ಉಳಿದವು ಹಲವು ಸಲ ದೊಡ್ಡ ಡೋಸ್‌ಗೆ ಬಗ್ಗುತ್ತವೆ. ಹಾಗಾದರೆ ಮೊದಲೇ ದೊಡ್ಡ ಡೋಸ್ ಕೊಡಬಹುದಲ್ವಾ? ಕೊಡಲಾಗುವುದಿಲ್ಲ. ಬೇಗ ಬೇಗ ವಿಭಜನೆಯಾಗುವ ಕೋಶಗಳನ್ನೆಲ್ಲ ಕೀಮೋ ಹೊಡೆಯುತ್ತದೆ, ಮಜ್ಜೆಯೂ ಆ ಸಾಲಿನಲ್ಲೇ ಇದೆ. ಡೋಸ್ ಏರಿಸುತ್ತಾ ಹೋದರೆ ಮೊದಲು ಕೈಕೊಡುವುದು ಮಜ್ಜೆ. ಅದು ನಿಂತರೆ ಕಾಯಿಲೆಗಿಂತ ಮುಂಚೆ ಸೋಂಕೋ ರಕ್ತಸ್ರಾವವೋ ಪ್ರಾಣ ತೆಗೆಯುತ್ತದೆ.

ಮನೆಯಲ್ಲಿ ಮೊಸರಿನ ಪಾತ್ರೆಯೇ ವಾಸನೆ ಹಿಡಿದಿದ್ದರೆ ಏನು ಮಾಡುತ್ತೇವೆ? ಕುದಿಯುವ ನೀರು ಹಾಕಿ ತೊಳೆಯುತ್ತೇವೆ. ಆದರೆ ಅದಕ್ಕೂ ಮುಂಚೆ ಒಂದು ಚಮಚ ಒಳ್ಳೆಯ ಮೊಸರನ್ನು ಹೆಪ್ಪಿಗೆ ಅಂತ ಎತ್ತಿಡುತ್ತೇವೆ. ಪಾತ್ರೆ ತೊಳೆದಾದ ಮೇಲೆ ಹಾಲಿಗೆ ಆ ಹೆಪ್ಪು ಬಿದ್ದರೆ ಬೆಳಗಾಗುವಷ್ಟರಲ್ಲಿ ಹೊಸ ಮೊಸರು. ಸ್ವಂತ ಕೋಶಗಳ ಕಸಿ ನಡೆಯುವುದೂ ಹೀಗೆಯೇ. ಮೊದಲು ರೋಗಿಯ ಸ್ಟೆಮ್ ಸೆಲ್‌ಗಳನ್ನು ತೆಗೆದಿಟ್ಟು, ಆಮೇಲೆ ಮಜ್ಜೆ ಉಳಿಯದಷ್ಟು ದೊಡ್ಡ ಕೀಮೋ ಕೊಟ್ಟು, ಕೊನೆಗೆ ಆ ಕೋಶಗಳನ್ನು ವಾಪಸ್ ಬಿಡುತ್ತಾರೆ.

ಇಲ್ಲಿ ಪಾತ್ರೆ ಶುದ್ಧ ಮಾಡಿದ್ದು ಕುದಿನೀರು, ಹೆಪ್ಪಲ್ಲ. ಸ್ವಂತ ಕೋಶಗಳ ಕಸಿಯಲ್ಲಿ ಕ್ಯಾನ್ಸರನ್ನು ಕೊಲ್ಲುವುದು ಕೀಮೋ. ಸ್ಟೆಮ್ ಸೆಲ್‌ಗಳ ಕೆಲಸ ಮಜ್ಜೆಯನ್ನು ಮತ್ತೆ ಎಬ್ಬಿಸುವುದು ಅಷ್ಟೇ. ಕಸಿಯ ಬಗ್ಗೆ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳಬೇಕು ಅಂದರೆ ಇದನ್ನೇ ಇಟ್ಟುಕೊಳ್ಳಿ. ಕೀಮೋಗೆ ಸ್ವಲ್ಪವೂ ಬಗ್ಗದ ಲಿಂಫೋಮಾಗೆ ಈ ಕಸಿ ಯಾಕೆ ಅಷ್ಟಾಗಿ ಕೆಲಸ ಮಾಡುವುದಿಲ್ಲ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ.

ಎತ್ತಿಟ್ಟ ಹೆಪ್ಪಿನಲ್ಲೇ ಕೆಟ್ಟದ್ದು ಸೇರಿದ್ದರೆ? ಈ ಅನುಮಾನ ಸಂಶೋಧಕರಿಗೂ ಬಂದಿತ್ತು. ತೆಗೆದಿಟ್ಟ ಕೋಶಗಳಿಂದ ಲಿಂಫೋಮಾ ಕೋಶಗಳನ್ನು ಸೋಸುವ ಪ್ರಯತ್ನಗಳೂ ನಡೆದವು. ಆದರೆ ಅದು ಎಲ್ಲ ಕಡೆ ಮಾಡುವ ಕ್ರಮವಾಗಿ ನೆಲೆ ನಿಲ್ಲಲಿಲ್ಲ. ಮೊದಲು ಸಾಮಾನ್ಯ ಕೀಮೋದಿಂದ ಕಾಯಿಲೆಯನ್ನು ಆದಷ್ಟು ಕುಗ್ಗಿಸಿ, ಆಮೇಲೆ ಕೋಶ ತೆಗೆಯುವುದು ಈಗಿನ ದಾರಿ.

ವಾರ್ಡಿನಲ್ಲಿ ನಡೆಯುವುದು

ಕಸಿ ಅಂದ ಕೂಡಲೇ ಆಪರೇಷನ್ ಥಿಯೇಟರ್ ಕಣ್ಣಿಗೆ ಬರುತ್ತದೆ. ಇಲ್ಲಿ ಕತ್ತರಿಯೂ ಇಲ್ಲ, ಹೊಲಿಗೆಯೂ ಇಲ್ಲ.

ಮೊದಲ ಹಂತದಲ್ಲಿ ನಾಲ್ಕೈದು ದಿನ ಜಿ-ಸಿಎಸ್‌ಎಫ್ ಎಂಬ ಇಂಜೆಕ್ಷನ್ ಕೊಡುತ್ತಾರೆ. ಅದರಿಂದ ಸ್ಟೆಮ್ ಸೆಲ್‌ಗಳು ಮಜ್ಜೆ ಬಿಟ್ಟು ರಕ್ತಕ್ಕೆ ಇಳಿಯುತ್ತವೆ. ಸಾಕಷ್ಟು ಇಳಿಯದಿದ್ದರೆ ಪ್ಲೆರಿಕ್ಸಾಫೋರ್ ಎಂಬ ಇನ್ನೊಂದು ಔಷಧ ಇದೆ. ಆಮೇಲೆ ರೋಗಿಯ ರಕ್ತವನ್ನು ಒಂದು ಯಂತ್ರದ ಮೂಲಕ ಕೆಲವು ಗಂಟೆ ಹಾಯಿಸುತ್ತಾರೆ. ಯಂತ್ರ ಸ್ಟೆಮ್ ಸೆಲ್ ಇರುವ ಭಾಗವನ್ನು ಬೇರೆ ಮಾಡಿ ಉಳಿದ ರಕ್ತವನ್ನು ವಾಪಸ್ ಮೈಗೆ ಬಿಡುತ್ತದೆ. ರೋಗಿಯ ತೂಕದ ಪ್ರತಿ ಕಿಲೋಗೆ ಕನಿಷ್ಠ 20 ಲಕ್ಷ ಸ್ಟೆಮ್ ಸೆಲ್ ಬೇಕು ಅನ್ನುವುದು ರೂಢಿಯ ಲೆಕ್ಕ. ಸಿಕ್ಕ ಕೋಶಗಳನ್ನು ಡಿಎಂಎಸ್‌ಒ ಎಂಬ ದ್ರಾವಣದಲ್ಲಿ ಬೆರೆಸಿ ಘನೀಕರಿಸುತ್ತಾರೆ. ದ್ರವ ನೈಟ್ರೋಜನ್‌ನಲ್ಲಿ ಇಟ್ಟರೆ ಅಲ್ಲಿನ ಉಷ್ಣತೆ ಮೈನಸ್ 196 ಡಿಗ್ರಿ.

ಎರಡನೇ ಹಂತ ದೊಡ್ಡ ಕೀಮೋ. ಲಿಂಫೋಮಾಗೆ ಹೆಚ್ಚು ಬಳಕೆಯಲ್ಲಿರುವುದು ಬೀಮ್ ಎಂಬ ನಾಲ್ಕು ಔಷಧಗಳ ಗುಂಪು: ಕಾರ್ಮಸ್ಟಿನ್, ಎಟೊಪೊಸೈಡ್, ಸೈಟರಬಿನ್, ಮೆಲ್ಫಲಾನ್. ಆರು ದಿನ ಹಿಡಿಯುತ್ತದೆ. ಮೆಲ್ಫಲಾನ್ ಹೋಗುತ್ತಿರುವಾಗ ಐಸ್ ಚೂರು ಬಾಯಲ್ಲಿ ಇಟ್ಟುಕೊಳ್ಳಿ ಅನ್ನುತ್ತಾರೆ. ಸುಮ್ನೆ ಹೇಳುವ ಮಾತಲ್ಲ ಅದು. ತಂಪಿಗೆ ಬಾಯಿಯ ರಕ್ತನಾಳಗಳು ಕುಗ್ಗುತ್ತವೆ, ಔಷಧ ಅಲ್ಲಿಗೆ ಕಡಿಮೆ ತಲುಪುತ್ತದೆ, ಬಾಯಿಹುಣ್ಣು ಕಡಿಮೆಯಾಗುತ್ತದೆ.

ಕೋಶ ವಾಪಸ್ ಕೊಡುವ ದಿನವನ್ನು ವಾರ್ಡಿನಲ್ಲಿ ಡೇ ಜೀರೋ ಅನ್ನುತ್ತಾರೆ. ಎಷ್ಟೋ ದಿನ ಕಾದ ಮನೆಯವರಿಗೆ ಅವತ್ತು 'ಇಷ್ಟೇನಾ?' ಅನ್ನಿಸಿಬಿಡುತ್ತದೆ. ರಕ್ತ ಏರಿಸುವ ಹಾಗೆ ಚೀಲದಿಂದ ನರಕ್ಕೆ ಇಳಿಸುತ್ತಾರೆ, ಮುಗಿಯಿತು. ಡಿಎಂಎಸ್‌ಒ ಉಸಿರಿನಿಂದ ಹೊರಗೆ ಹೋಗುವುದರಿಂದ ಒಂದೆರಡು ದಿನ ಕೋಣೆಯಲ್ಲಿ ಬೆಳ್ಳುಳ್ಳಿಯಂಥ ವಾಸನೆ. ಆ ಕೋಶಗಳು ರಕ್ತದಲ್ಲಿ ಹರಿದು ತಾವಾಗಿಯೇ ಮೂಳೆಯೊಳಗಿನ ಜಾಗ ಹುಡುಕಿಕೊಳ್ಳುತ್ತವೆ.

ನಿಜವಾದ ಕಷ್ಟ ಆಮೇಲಿನದು. ಸುಮಾರು ಹತ್ತರಿಂದ ಹದಿನಾಲ್ಕು ದಿನ ಬಿಳಿ ಕಣ ಹೆಚ್ಚುಕಡಿಮೆ ಸೊನ್ನೆ. ಜ್ವರ, ಭೇದಿ, ಬಾಯಿಹುಣ್ಣು, ಅನ್ನ ಕಂಡರೆ ಆಗದಿರುವುದು ಎಲ್ಲ ಒಟ್ಟಿಗೇ ಬರುತ್ತವೆ. ಸೋಸಿದ ಗಾಳಿಯ ಕೋಣೆ, ಆಂಟಿಬಯಾಟಿಕ್, ಪ್ಲೇಟ್‌ಲೆಟ್ ಚೀಲಗಳು. ಪ್ಲೇಟ್‌ಲೆಟ್ ಕೊಡಲು ಸ್ನೇಹಿತರು ಬೇಕಾಗುವುದು ಈಗಲೇ. ಪ್ರತಿ ಬೆಳಿಗ್ಗೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಕೌಂಟ್ ಎಷ್ಟು ಬಂತು?" ನ್ಯೂಟ್ರೋಫಿಲ್ ಎಂಬ ಬಿಳಿ ಕಣ ಮೂರು ದಿನ ಸತತವಾಗಿ 500 ದಾಟಿದರೆ ಕೋಶಗಳು ನೆಲೆಯೂರಿವೆ ಎಂದು ಅರ್ಥ.

ಮನೆಗೆ ಬಂದ ಮೇಲೂ ಕೆಲವು ತಿಂಗಳು ಎಚ್ಚರ ಬೇಕು. ಚಿಕ್ಕಂದಿನಲ್ಲಿ ಹಾಕಿಸಿಕೊಂಡ ಲಸಿಕೆಗಳ ನೆನಪು ಲಿಂಫೋಸೈಟ್‌ಗಳಲ್ಲಿತ್ತಲ್ಲ, ಅದು ದೊಡ್ಡ ಪಾಲು ಅಳಿಸಿಹೋಗಿರುತ್ತದೆ. ಐವತ್ತು ವರ್ಷದವರೂ ಮಕ್ಕಳ ಲಸಿಕೆಗಳನ್ನು ಮತ್ತೆ ಹಾಕಿಸಿಕೊಳ್ಳಬೇಕಾಗುತ್ತದೆ.

ಬೇರೆಯವರ ಕೋಶ ಬೇಕಾದಾಗ

ಹೆಪ್ಪಿಗೆ ಪಕ್ಕದ ಮನೆಗೆ ಹೋಗುವ ಸಂದರ್ಭವೂ ಇದೆ. ಸ್ವಂತ ಕೋಶದ ಕಸಿಯಾದ ಮೇಲೂ ಕಾಯಿಲೆ ಮರುಕಳಿಸಿದರೆ, ಮಜ್ಜೆಯಲ್ಲೇ ಕಾಯಿಲೆ ತುಂಬಿದ್ದರೆ, ಅಥವಾ ಕೆಲವು ಬಗೆಯ ಟಿ ಕೋಶದ ಲಿಂಫೋಮಾ ಆಗಿದ್ದರೆ ದಾನಿಯ ಕೋಶದ ಬಗ್ಗೆ ಯೋಚಿಸುತ್ತಾರೆ. ಆದರೆ ಮೊಸರಿನ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ದಾನಿಯ ಕೋಶ ಮಜ್ಜೆಯನ್ನು ಎಬ್ಬಿಸಿ ಸುಮ್ಮನಿರುವುದಿಲ್ಲ. ಅದರಿಂದ ಹುಟ್ಟುವ ರೋಗನಿರೋಧಕ ಕೋಶಗಳಿಗೆ ರೋಗಿಯ ಮೈ ಪರಕೀಯ. ಉಳಿದಿರುವ ಲಿಂಫೋಮಾ ಕೋಶಗಳನ್ನು ಅವು ಹುಡುಕಿ ಕೊಲ್ಲಬಲ್ಲವು. ಇಲ್ಲಿ ಮಾತ್ರ ಕೋಶವೇ ಔಷಧ.

ಅದೇ ಗುಣ ಅಪಾಯವೂ ಹೌದು. ದಾನಿಯ ಟಿ ಕೋಶಗಳು ರೋಗಿಯ ಚರ್ಮ, ಕರುಳು, ಲಿವರ್ ಮೇಲೂ ತಿರುಗಿ ಬೀಳಬಹುದು. ಇದನ್ನು ಜಿವಿಎಚ್‌ಡಿ ಅನ್ನುತ್ತಾರೆ. ತಡೆಯಲು ತಿಂಗಳುಗಟ್ಟಲೆ ಔಷಧ ಬೇಕು. ಕಸಿಯಿಂದಲೇ ಸಾವು ಬರುವ ಸಂಭವ ಸ್ವಂತ ಕೋಶದ ಕಸಿಗಿಂತ ಇಲ್ಲಿ ಸಾಕಷ್ಟು ಹೆಚ್ಚು. ಲಿಂಫೋಮಾದಲ್ಲಿ ಇದನ್ನು ಮೊದಲ ಆಯ್ಕೆಯಾಗಿ ಇಟ್ಟುಕೊಳ್ಳದಿರುವುದು ಅದಕ್ಕೇ.

ದಾನಿಯಲ್ಲಿ ನೋಡುವ ಹೊಂದಾಣಿಕೆ ಎಚ್‌ಎಲ್‌ಎಯದು. ಕೋಶಗಳ ಮೇಲಿರುವ ಈ ಗುರುತುಗಳಿಂದಲೇ ದೇಹ ತನ್ನದು, ಪರರದು ಎಂದು ತಿಳಿಯುತ್ತದೆ. ಈ ಗುರುತುಗಳನ್ನು ಕಂಡುಹಿಡಿದ ಫ್ರಾನ್ಸಿನ ಜಾನ್ ದೊಸೆಗೆ 1980ರಲ್ಲಿ ನೊಬೆಲ್ ಬಂತು. ಅಮೆರಿಕದ ಡೊನಾಲ್ ಥಾಮಸ್ 1957ರಲ್ಲೇ ಮನುಷ್ಯರಿಗೆ ಮಜ್ಜೆ ಏರಿಸಿದ್ದನ್ನು ವರದಿ ಮಾಡಿದ್ದರು, ಆದರೆ ಆಗಿನ ಕಸಿಗಳು ಬಹುತೇಕ ಸೋತವು. ಗುರುತು ಹೊಂದಿಸುವುದನ್ನು ಕಲಿತ ಮೇಲೆ ಕಸಿಗೆ ದಾರಿಯಾಯಿತು, ಥಾಮಸ್‌ಗೆ 1990ರಲ್ಲಿ ನೊಬೆಲ್ ಬಂತು. ಭಾರತದಲ್ಲಿ ಮೊದಲ ಕಸಿ 1983ರಲ್ಲಿ ಮುಂಬೈನ ಟಾಟಾ ಮೆಮೋರಿಯಲ್‌ನಲ್ಲಿ ಆಯಿತು. 1986ರಲ್ಲಿ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯೂ ಕಸಿ ಶುರುಮಾಡಿತು.

ಎಚ್‌ಎಲ್‌ಎ ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬರುತ್ತದೆ. ಹಾಗಾಗಿ ಒಡಹುಟ್ಟಿದವರೊಬ್ಬರು ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಇಬ್ಬರಿದ್ದರೂ ಯಾರಾದರೊಬ್ಬರು ಹೊಂದುವ ಸಂಭವ ನೂರಕ್ಕೆ ಸುಮಾರು 44. ಮನೆಗೊಂದೇ ಮಗು ಇರುವ ಕಾಲದಲ್ಲಿ ಇದು ಕಷ್ಟದ ಲೆಕ್ಕ. ಆಗ ದಾನಿಗಳ ಪಟ್ಟಿಯಲ್ಲಿ ಹುಡುಕುತ್ತಾರೆ. ಬೆಂಗಳೂರಿನ ಡಿಕೆಎಂಎಸ್ ಫೌಂಡೇಷನ್ ಇಂಡಿಯಾ, ಚೆನ್ನೈನ ದಾತ್ರಿ ಇಂಥ ಪಟ್ಟಿ ಇಟ್ಟಿರುವ ಸಂಸ್ಥೆಗಳು. ಐಟಿ ಕಂಪನಿ, ಕಾಲೇಜುಗಳ ಶಿಬಿರಗಳಲ್ಲಿ ಕೆನ್ನೆಯ ಒಳಗೆ ಹತ್ತಿಕಡ್ಡಿ ಸವರಿ ತೆಗೆದುಕೊಳ್ಳುವುದು ಇದಕ್ಕೇ. ಒಂದೇ ಮೂಲದ ಜನರಲ್ಲಿ ಹೊಂದಾಣಿಕೆ ಸಿಗುವ ಸಾಧ್ಯತೆ ಹೆಚ್ಚು. ಆದರೆ ನಮ್ಮ ಜನಸಂಖ್ಯೆಗೆ ಹೋಲಿಸಿದರೆ ನೋಂದಾಯಿಸಿಕೊಂಡ ಭಾರತೀಯರು ತೀರಾ ಕಡಿಮೆ.

ರಕ್ತದ ಗುಂಪು ಬೇರೆಯಿದ್ದರೂ ಕಸಿ ನಡೆಯುತ್ತದೆ. ಆಮೇಲೆ ರೋಗಿಯ ರಕ್ತದ ಗುಂಪೇ ದಾನಿಯ ಗುಂಪಿಗೆ ಬದಲಾಗುತ್ತದೆ!

ಪೂರ್ತಿ ಹೊಂದುವವರು ಸಿಗದಿದ್ದರೆ ಅರ್ಧ ಹೊಂದುವ ತಂದೆ, ತಾಯಿ, ಮಕ್ಕಳೂ ಈಗ ದಾನಿಗಳಾಗಬಹುದು. ಕಸಿಯಾದ ಮೂರು, ನಾಲ್ಕನೇ ದಿನ ಸೈಕ್ಲೋಫಾಸ್ಫಮೈಡ್ ಎಂಬ ಹಳೆಯ, ಅಗ್ಗದ ಔಷಧ ಕೊಟ್ಟರೆ ರೋಗಿಯ ಮೇಲೆ ತಿರುಗಿ ಬೀಳುವ ಟಿ ಕೋಶಗಳ ಹಾವಳಿ ತಗ್ಗುತ್ತದೆ, ಸ್ಟೆಮ್ ಸೆಲ್‌ಗಳು ಮಾತ್ರ ಅದನ್ನು ತಡೆದುಕೊಳ್ಳುತ್ತವೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಬೆಳೆದ ಈ ವಿಧಾನ ದಾನಿ ಸಿಗದ ಕುಟುಂಬಗಳಿಗೆ ದೊಡ್ಡ ಬದಲಾವಣೆ ತಂದಿದೆ.

ಕಸಿ ಯಾರಿಗೆ ಬೇಕು

ಎಲ್ಲರಿಗೂ ಬೇಡ. ಬೇಗ ಬೆಳೆಯುವ ಬಿ ಕೋಶದ ಲಿಂಫೋಮಾಗಳಲ್ಲಿ ಅತಿ ಸಾಮಾನ್ಯವಾದದ್ದನ್ನು ಡಿಎಲ್‌ಬಿಸಿಎಲ್ ಅನ್ನುತ್ತಾರೆ. ಅದರಲ್ಲಿ ಹತ್ತು ಜನರಲ್ಲಿ ಸುಮಾರು ಆರು ಮಂದಿ ಮೊದಲ ಚಿಕಿತ್ಸೆಯಲ್ಲೇ ಗುಣವಾಗುತ್ತಾರೆ. ಹಾಡ್ಜ್‌ಕಿನ್‌ನಲ್ಲಿ ಇನ್ನೂ ಹೆಚ್ಚು. ಕಸಿಯ ಮಾತು ಬರುವುದು ಸಾಮಾನ್ಯವಾಗಿ ಕಾಯಿಲೆ ಮರಳಿ ಬಂದಾಗ.

ಇದಕ್ಕೆ ಆಧಾರವಾದದ್ದು 1995ರಲ್ಲಿ ಪ್ರಕಟವಾದ ಪಾರ್ಮಾ ಅಧ್ಯಯನ. ಕಾಯಿಲೆ ಮರುಕಳಿಸಿ, ಮತ್ತೆ ಕೀಮೋಗೆ ಬಗ್ಗಿದ 109 ಮಂದಿಯನ್ನು ಎರಡು ಗುಂಪು ಮಾಡಿದರು. ಐದು ವರ್ಷದ ಹೊತ್ತಿಗೆ ಕಾಯಿಲೆ ಮರಳದೆ ಇದ್ದವರು ಕಸಿಯ ಗುಂಪಿನಲ್ಲಿ ನೂರಕ್ಕೆ 46, ಬರೀ ಕೀಮೋ ಗುಂಪಿನಲ್ಲಿ 12. ಅಂದಿನಿಂದ ಕಸಿ ರೂಢಿಯಾಯಿತು. ಗಮನಿಸಿ, ಕೀಮೋಗೆ ಬಗ್ಗದವರು ಆ ಹೋಲಿಕೆಯಲ್ಲಿ ಇರಲೇ ಇಲ್ಲ.

ಕಾರ್-ಟಿ ಬಂದ ಮೇಲೆ

ಆ ಬಗ್ಗದವರಿಗಾಗಿಯೇ ಬಂದದ್ದು ಕಾರ್-ಟಿ. ರೋಗಿಯ ಟಿ ಕೋಶಗಳನ್ನು ತೆಗೆದು, ಲ್ಯಾಬಿನಲ್ಲಿ ಹೊಸ ಜೀನ್ ಸೇರಿಸಿ, ಲಿಂಫೋಮಾ ಕೋಶದ ಮೇಲಿನ ಸಿಡಿ19 ಎಂಬ ಗುರುತನ್ನು ಹಿಡಿಯುವಂತೆ ಮಾಡಿ ವಾಪಸ್ ಬಿಡುತ್ತಾರೆ. ಕೋಶ ರೋಗಿಯದೇ, ಆದರೂ ಕೊಲ್ಲುವ ಕೆಲಸ ಕೋಶದ್ದು. ಕೀಮೋ ಇಲ್ಲಿ ಬರೀ ಜಾಗ ಮಾಡಿಕೊಡುತ್ತದೆ.

ಮೊದಲ ಚಿಕಿತ್ಸೆಗೆ ಬಗ್ಗದ, ಅಥವಾ ವರ್ಷದೊಳಗೆ ಕಾಯಿಲೆ ಮರಳಿದ ರೋಗಿಗಳಲ್ಲಿ ಕಸಿ ಮತ್ತು ಕಾರ್-ಟಿಯನ್ನು ಹೋಲಿಸಿದ ಜುಮಾ-7 ಎಂಬ ಅಧ್ಯಯನ 2021ರ ಕೊನೆಗೆ ಪ್ರಕಟವಾಯಿತು. ಎರಡು ವರ್ಷದ ಹೊತ್ತಿಗೆ ಕಾಯಿಲೆ ಹಿಡಿತದಲ್ಲಿದ್ದವರು ಕಾರ್-ಟಿಯಲ್ಲಿ ನೂರಕ್ಕೆ 41, ಕಸಿಯ ದಾರಿಯಲ್ಲಿ 16. ಕಸಿಯ ಗುಂಪಿಗೆ ಸೇರಿದವರಲ್ಲಿ ಕಸಿಯವರೆಗೆ ತಲುಪಿದ್ದೇ ಸುಮಾರು ಮೂರನೇ ಒಂದು ಭಾಗ. ಉಳಿದವರಲ್ಲಿ ಬಹುಪಾಲು ಜನರ ಕಾಯಿಲೆ ಕೀಮೋಗೆ ಬಗ್ಗಲಿಲ್ಲ. ಇದೇ ಹೊತ್ತಿಗೆ ನಡೆದ ಮೂರು ಅಧ್ಯಯನಗಳಲ್ಲಿ ಎರಡು ಕಾರ್-ಟಿ ಪರವಾಗಿ ಬಂದವು, ಬೆಲಿಂಡಾ ಎಂಬುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಒಂದು ವರ್ಷ ಕಳೆದ ಮೇಲೆ ಮರಳಿ, ಕೀಮೋಗೆ ಬಗ್ಗುವ ಕಾಯಿಲೆಗೆ ಸ್ವಂತ ಕೋಶದ ಕಸಿ ಈಗಲೂ ಗಟ್ಟಿ ದಾರಿಯೇ.

ಮ್ಯಾಂಟಲ್ ಸೆಲ್ ಎಂಬ ಬಗೆಯಲ್ಲಿ ಗಾಳಿ ಇನ್ನೊಂದು ಕಡೆ ಬೀಸುತ್ತಿದೆ. ಅಲ್ಲಿ ಮೊದಲ ಚಿಕಿತ್ಸೆಯ ಭಾಗವಾಗಿಯೇ ಕಸಿ ಮಾಡುತ್ತಿದ್ದರು. ಇಬ್ರುಟಿನಿಬ್ ಎಂಬ ಔಷಧ ಸೇರಿಸಿದರೆ ಕಸಿ ಬಿಟ್ಟರೂ ಫಲಿತಾಂಶ ಕೆಡುವುದಿಲ್ಲ ಎಂದು 2024ರಲ್ಲಿ ಪ್ರಕಟವಾದ ಟ್ರಯಾಂಗಲ್ ಅಧ್ಯಯನ ತೋರಿಸಿತು.

ಇನ್ನು ದುಡ್ಡಿನ ಮಾತು. ಅಮೆರಿಕದಲ್ಲಿ 2017ರಲ್ಲಿ ಲಿಂಫೋಮಾಗೆ ಬಂದ ಮೊದಲ ಕಾರ್-ಟಿಯ ಬೆಲೆ 3,73,000 ಡಾಲರ್. ಭಾರತದಲ್ಲಿ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಬೆಳೆಸಿದ ನೆಕ್ಸ್‌ಕಾರ್19ಗೆ 2023ರಲ್ಲಿ ಅನುಮತಿ ಸಿಕ್ಕಿತು. ಆಗ ಪತ್ರಿಕೆಗಳಲ್ಲಿ ಬಂದ ಬೆಲೆ 30ರಿಂದ 40 ಲಕ್ಷ ರೂಪಾಯಿ. ಎರಡನೆಯದೇ ಮೊದಲು ಹೇಳಿದ, ಬೆಂಗಳೂರಿನ ಇಮ್ಯುನೀಲ್ ಕಂಪನಿಯ ಕಾರ್ಟೆಮಿ. ಇದರ ಮೂಲ ಸ್ಪೇನಿನ ಬಾರ್ಸಿಲೋನಾದ ಆಸ್ಪತ್ರೆಯೊಂದರಲ್ಲಿದೆ. ತಯಾರಾಗುವುದು ಬೊಮ್ಮಸಂದ್ರದ ನಾರಾಯಣ ಹೆಲ್ತ್ ಸಿಟಿ ಆವರಣದಲ್ಲಿ.

ಸ್ವಂತ ಕೋಶದ ಕಸಿಗೆ ಇದಕ್ಕಿಂತ ಬಹಳ ಕಡಿಮೆ ಖರ್ಚು. ಬೆಂಗಳೂರಿನ ಹಲವು ಖಾಸಗಿ ಆಸ್ಪತ್ರೆಗಳಲ್ಲಿ ಇದು ನಡೆಯುತ್ತದೆ, ಸರ್ಕಾರಿ ವಲಯದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲೂ ಕಸಿ ಘಟಕವಿದೆ. ಯಾವ ಸರ್ಕಾರಿ ಆರೋಗ್ಯ ಯೋಜನೆಯಲ್ಲಿ ಎಷ್ಟು ಸಿಗುತ್ತದೆ ಅನ್ನುವುದನ್ನು ಆಸ್ಪತ್ರೆಯ ಆರೋಗ್ಯಮಿತ್ರರ ಬಳಿ ದಾಖಲಾಗುವ ಮುಂಚೆಯೇ ಕೇಳಿ. ರಾಯಚೂರು, ಬೀದರ್ ಕಡೆಯಿಂದ ಬರುವವರು ಆಸ್ಪತ್ರೆ ಬಿಲ್ ಜೊತೆಗೆ ಬೆಂಗಳೂರಿನಲ್ಲಿ ಕೆಲವು ವಾರ ಉಳಿಯುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ದಾನಿಯ ಕೋಶದ ಕಸಿಯಾದರೆ ಸುಮಾರು 100 ದಿನ ಆಸ್ಪತ್ರೆಯ ಹತ್ತಿರವೇ ಇರಿ ಅನ್ನುತ್ತಾರೆ.

ಸ್ಟೆಮ್ ಸೆಲ್ ಹೆಸರಿನ ಜಾಹೀರಾತುಗಳು

ಮಂಡಿ ನೋವಿನಿಂದ ಆಟಿಸಂವರೆಗೆ ಎಲ್ಲಕ್ಕೂ ಸ್ಟೆಮ್ ಸೆಲ್ ಎನ್ನುವ ಕ್ಲಿನಿಕ್‌ಗಳ ಜಾಹೀರಾತು ಫೋನಿನಲ್ಲಿ ಬರುತ್ತಿರುತ್ತದೆ. ಅದಕ್ಕೂ ಇಲ್ಲಿ ಹೇಳಿದ್ದಕ್ಕೂ ಸಂಬಂಧವಿಲ್ಲ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ ರಕ್ತದ ಕಾಯಿಲೆಗಳಿಗೆ ಮಾಡುವ ಇಂಥ ಕಸಿ ಮಾನ್ಯ ಚಿಕಿತ್ಸೆ. ಅದರಾಚೆಗಿನ ಸ್ಟೆಮ್ ಸೆಲ್ ಬಳಕೆ ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ನಡೆಯಬೇಕು. ಪ್ರಯೋಗ ಅಂದ ಮೇಲೆ ರೋಗಿಯಿಂದ ಅದಕ್ಕೆ ದುಡ್ಡು ಕೇಳುವಂತಿಲ್ಲ.

ಹೆರಿಗೆಗೆ ಮುಂಚೆ ಹೊಕ್ಕುಳಬಳ್ಳಿ ರಕ್ತವನ್ನು ಖಾಸಗಿ ಬ್ಯಾಂಕಿನಲ್ಲಿ ಇಡಿಸಿ ಎಂದು ಬರುವ ಫೋನ್ ಕರೆಗಳೂ ಇವೆ. ಐಸಿಎಂಆರ್ ಇದನ್ನು ಶಿಫಾರಸು ಮಾಡುವುದಿಲ್ಲ. ಒಂದು ಬಳ್ಳಿಯಲ್ಲಿ ಸಿಗುವ ಕೋಶ ದೊಡ್ಡವರ ತೂಕಕ್ಕೆ ಸಾಲುವುದೂ ಕಷ್ಟ. ಮುಂದೆಂದೋ ಲಿಂಫೋಮಾ ಬಂದು ಸ್ವಂತ ಕೋಶ ಬೇಕಾದರೆ ಅವತ್ತಿನ ರಕ್ತದಿಂದಲೇ ಅವನ್ನು ತೆಗೆಯುತ್ತಾರೆ.